ಎರಡು ವರ್ಷದ ಋಣ

ಕುವೆಂಪುನಗರದ ಆ ಮನೆಯ ಮಗ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ, ತರಬೇತಿಗೆಂದು ಅಮೆರಿಕೆಗೆ ಹೋದದ್ದು ಜೆ-೧ ಎಂಬ ವಿನಿಮಯ ವೀಸಾದ ಮೇಲೆ. ತರಬೇತಿ ಮುಗಿದೊಡನೆ ಎರಡು ವರ್ಷ ಸ್ವದೇಶದಲ್ಲಿ ನೆಲೆಸಬೇಕು. ಅಲ್ಲಿಯವರೆಗೆ ಎಚ್-೧ಬಿ ಎಂಬ ಉದ್ಯೋಗ ವೀಸಾ ದೊರೆಯದು. ಕಲಿತ ವಿದ್ಯೆ ತಾಯ್ನಾಡಿಗೂ ಸಲ್ಲಲೆಂಬ ಕರಾರು! ತಾಯಿ ಅದನ್ನೇ ನಂಬಿ ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದರು.

ಆದರೆ ೧೯೯೪ರ ಕಾನ್‌ರಾಡ್ ಕಾನೂನು ಪಕ್ಕದ ಬಾಗಿಲೊಂದನ್ನು ತೆರೆದಿಟ್ಟಿತ್ತು. ವೈದ್ಯರ ಅಭಾವವಿರುವ ಅಮೆರಿಕದ ಪ್ರದೇಶದಲ್ಲಿ ಮೂರು ವರ್ಷ ದುಡಿಯಲೊಪ್ಪಿದರೆ ಆ ಎರಡು ವರ್ಷ ಮನ್ನಾ. ರಾಜ್ಯವೊಂದಕ್ಕೆ ವರ್ಷಕ್ಕೆ ೩೦ ಮಂದಿಗಷ್ಟೇ ಇದ್ದ ಆ ಅವಕಾಶ ಮಗನಿಗೆ ಒಲಿಯಿತು. ಉದ್ಯೋಗ ವೀಸಾ ಕೈಸೇರಿತು.

“ಅಮ್ಮಾ, ಈ ಊರಿಗೆಲ್ಲ ನಾನೊಬ್ಬನೇ ಡಾಕ್ಟರು” ಎಂದ. ಹೆಮ್ಮೆಪಡತಕ್ಕದ್ದೇ. ತಂದೆ ಮಾತ್ರ, “ನಮ್ಮ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಎಷ್ಟು ಜನ ಇದ್ದಾರಪ್ಪ?” ಎಂದು ಕೇಳಿ, ಕನ್ನಡಕ ಒರೆಸತೊಡಗಿದರು.