ಕೊರವಂಗಲದ ಹಿತ್ತಿಲೂ ಪಟ್ಟಣದ ತಾರಸಿಯೂ

ಹಾಸನದಿಂದ ಸುಮಾರು ೧೦ ಕಿಲೋಮೀಟರು ದೂರದಲ್ಲಿರುವ ಕೊರವಂಗಲಕ್ಕೆ ಯಾತ್ರಿಕರು ಹೋಗುವುದು ಬೂಚೇಶ್ವರನ ಗುಡಿಯನ್ನು ನೋಡುವುದಕ್ಕಾಗಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ ಸಂತೋಷಕ್ಕಾಗಿ ಅವನ ಅಧಿಕಾರಿಯಾದ ಬೂಚಿಯೆಂಬವನು ೧೧೭೩ರಲ್ಲಿ ಇದನ್ನು ಕಟ್ಟಿಸಿದನು. ಬೇಲೂರು ಹಳೇಬೀಡುಗಳ ಜನಸಂದಣಿ ಇಲ್ಲಿಲ್ಲ. ನಿಂತು ನೋಡುವುದಕ್ಕೆ ಬೇಕಾದಷ್ಟು ಬಿಡುವುಂಟು. ಒಂದು ಗರ್ಭಗುಡಿ ಶಿವನದು, ಅದಕ್ಕೆ ಎದುರಾಗಿರುವ ಇನ್ನೊಂದು ಸೂರ್ಯನದು. ಬೆಳೆಯನ್ನು ನಂಬಿ ಬಾಳುವ ಸೀಮೆಯಲ್ಲಿ ಸೂರ್ಯನಿಗೊಂದು ಗುಡಿಯಿರುವುದು ಉಚಿತವಾಗಿಯೇ ತೋರುವುದು.

ಗುಡಿಯನ್ನು ಕಂಡವರು ಒಡನೆಯೇ ಹಿಂದಿರುಗದೆ, ಈ ಸೀಮೆಯ ಹಳ್ಳಿಗಳ ಹಿತ್ತಿಲುಗಳನ್ನೂ ನೋಡತಕ್ಕದ್ದು. ನಮ್ಮ ಹಿರಿಯರು ಹಿತ್ತಿಲನ್ನು ತೋಟವೆಂದು ಕರೆಯಲಿಲ್ಲ; ಅದು ಮನೆಯ ಒಂದು ಅಂಗವಾಗಿತ್ತು. ಬಚ್ಚಲಿನ ನೀರು ಹರಿದು ಬಾಳೆಯ ಬುಡವನ್ನು ಸೇರುತ್ತಿತ್ತು. ತರಕಾರಿಯ ಸಿಪ್ಪೆಯೂ ಅಕ್ಕಿ ತೊಳೆದ ಕಲಗಚ್ಚೂ ಹಸುವಿಗೆ, ಹಸುವಿನ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಸೋರೆ ಹೀರೆಗಳ ಪಾತಿಗೆ. ಒಲೆಯ ಬೂದಿಯನ್ನು ಎಲೆಗಳ ಮೇಲೆ ತೂರಿದರೆ ಹುಳುವಿನ ಕಾಟ ತಗ್ಗುತ್ತಿತ್ತು. ನುಗ್ಗೆ, ಕರಿಬೇವು, ದೊಡ್ಡಪತ್ರೆಗಳಿಗೆ ಯಾರೂ ಹಣ ಕೊಟ್ಟವರಲ್ಲ. ಮನೆಯಿಂದ ಹೊರಹೋದುದೆಲ್ಲವೂ ಹಿತ್ತಿಲಿನ ಮೂಲಕ ಮತ್ತೆ ಅಡಿಗೆಮನೆಗೇ ಬರುತ್ತಿತ್ತು.

ಈಗ ಇಂತಹ ಮನೆಗಳ ಮಕ್ಕಳಲ್ಲಿ ಅನೇಕರು ಹಾಸನದಲ್ಲಿಯೂ ಬೆಂಗಳೂರಿನಲ್ಲಿಯೂ ೩೦ ಅಡಿ ಅಗಲ ೪೦ ಅಡಿ ಉದ್ದದ ನಿವೇಶನಗಳಲ್ಲಿ ವಾಸವಾಗಿರುವರು. ಅಲ್ಲಿ ಹಿತ್ತಿಲಿಗೆ ಎಡೆಯೆಲ್ಲಿ? ಉಳಿದುದು ತಾರಸಿಯೊಂದೇ. ಹಸುರಿನ ಆಸೆ ಮಾತ್ರ ಹೋಗಿಲ್ಲ. ಆದುದರಿಂದ ಕುಂಡಗಳು ಮೆಟ್ಟಿಲೇರಿವೆ.

ಪಟ್ಟಣದ ತೋಟಗಾರಿಕೆಗೆ ನಮ್ಮ ನಾಡಿನಲ್ಲಿ ಒಳ್ಳೆಯ ಪರಂಪರೆಯುಂಟು. ಹೈದರಾಲಿಯು ೧೭೬೦ರಲ್ಲಿ ಆರಂಭಿಸಿದ ಲಾಲ್‌ಬಾಗು ಕೇವಲ ವಿಹಾರಸ್ಥಾನವಾಗಿ ಉಳಿಯಲಿಲ್ಲ. ಹೊರದೇಶದ ಗಿಡಗಳನ್ನು ತಂದು ನಮ್ಮ ಮಣ್ಣಿಗೆ ಹೊಂದಿಸುವ ಶಾಲೆಯೂ ಆಯಿತು. ನಮ್ಮ ಹುಳಿ ಕೂಟುಗಳಲ್ಲಿ ಬೀಳುವ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವರು ಅಲ್ಲಿ ಅಧಿಕಾರಿಯಾಗಿದ್ದ ಜಾನ್ ಕ್ಯಾಮರಾನ್. ೧೯೦೮ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ಲರು ಬೆಂಗಳೂರಿನ ಬೀದಿಗಳಿಗೆ ಹೂಮರಗಳ ಸೊಬಗನ್ನು ಕೊಟ್ಟರು. ಇತ್ತೀಚಿನ ಕಾಲದಲ್ಲಿ ಕೀಟಶಾಸ್ತ್ರಜ್ಞರಾದ ಡಾಕ್ಟರ್ ಬಿ. ಎನ್. ವಿಶ್ವನಾಥರು ತಾರಸಿಯ ಮೇಲೆ ವಿಷದ ಔಷಧಿಗಳಿಲ್ಲದೆ ತರಕಾರಿ ಬೆಳೆಯುವುದನ್ನು ಗೃಹಸ್ಥರಿಗೆ ಕಲಿಸಿದರು. ೨೦೧೧ರಿಂದ ಬೆಂಗಳೂರಿನಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳಗಳು ನಡೆದು, ಬೀಜ, ಗೊಬ್ಬರ, ಅನುಭವಗಳ ವಿನಿಮಯಕ್ಕೆ ಎಡೆಯಾಯಿತು.

ಆದರೂ ಉತ್ಸಾಹದಿಂದ ತೊಡಗಿದ ಎಷ್ಟೋ ತಾರಸಿ ತೋಟಗಳು ಮೊದಲನೆಯ ಬೇಸಗೆಯಲ್ಲಿಯೇ ಒಣಗಿಹೋಗುವುವು. ಇದಕ್ಕೆ ಕಾರಣವೇನು?

ಮೊದಲನೆಯದು ಬಿಸಿಲು. ಕಾಯಿಪಲ್ಯಗಳಿಗೆ ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ಬೇಕು. ಪಕ್ಕದಲ್ಲಿ ಮೂರು ಅಂತಸ್ತಿನ ಮನೆ ಎದ್ದರೆ ಟೊಮೇಟೊ ಫಲಿಸದು. ಅಂತಹ ನೆರಳಿನಲ್ಲಿ ದೊಡ್ಡಪತ್ರೆ, ಪುದೀನ ಮೊದಲಾದವುಗಳಿಂದಲೇ ತೃಪ್ತರಾಗಬೇಕು.

ಎರಡನೆಯದು ಭಾರ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದು ಅಡಿ ಆಳದ ಪಾತಿಗೆ ಮಣ್ಣು ತುಂಬಿ ನೀರೆರೆದರೆ ಅದರ ತೂಕ ೭ರಿಂದ ೮ ಕ್ವಿಂಟಲುಗಳಾಗುವುದು. ನೆತ್ತಿಯ ಮೇಲೆ ಇಷ್ಟನ್ನು ಹೇರುವ ಮುನ್ನ ಮನೆ ಕಟ್ಟಿದ ಇಂಜಿನಿಯರನ್ನು ಕೇಳುವುದು ವಿವೇಕ. ಕುಂಡಗಳನ್ನು ಗೋಡೆ ತೊಲೆಗಳ ಮೇಲ್ಭಾಗದಲ್ಲಿ, ಇಟ್ಟಿಗೆಗಳ ಮೇಲೆ ಎತ್ತಿ ಇಡಬೇಕು. ನೀರು ನಿಂತರೆ ಸೂರು ಸೋರುವುದು. ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನು ಬೆರಸಿದರೆ ಭಾರ ಕಡಿಮೆಯಾಗಿ ತೇವ ಉಳಿಯುವುದು. ಅರಸೀಕೆರೆ ಚನ್ನರಾಯಪಟ್ಟಣಗಳ ತೆಂಗಿನ ಸೀಮೆ ಪಕ್ಕದಲ್ಲಿಯೇ ಇರುವ ನಮಗೆ ಅದು ಅಪೂರ್ವ ವಸ್ತುವಲ್ಲ.

ಮೂರನೆಯದೂ ಎಲ್ಲಕ್ಕಿಂತ ಕಠಿನವಾದುದೂ ನೀರು. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ಆಜ್ಞೆಮಾಡಿ, ಮೀರಿದವರಿಗೆ ೫,೦೦೦ ರೂಪಾಯಿಗಳ ದಂಡವನ್ನು ಗೊತ್ತುಪಡಿಸಿತು. ನೆರೆಮನೆಯವರು ಒಂದು ಕೊಡ ನೀರಿಗೆ ಕಾದಿರುವಾಗ ನಲ್ಲಿಯ ನೀರನ್ನು ಗುಲಾಬಿಗೆ ಹೊಯ್ಯುವುದು ಧರ್ಮವೇ ಎಂಬ ಪ್ರಶ್ನೆಗೆ ತೋಟಪ್ರಿಯರು ಉತ್ತರ ಹೇಳಲೇಬೇಕಾಯಿತು.

ಆ ಉತ್ತರವು ಹಿತ್ತಿಲಿನಲ್ಲಿಯೇ ಇದೆ. ಹಿತ್ತಿಲು ಮನೆಯ ಉಳಿಕೆಯಿಂದ ಬದುಕುತ್ತಿತ್ತು. ತಾರಸಿ ತೋಟವಾದರೋ ಕೊಂಡ ಮಣ್ಣು, ಕೊಂಡ ಗೊಬ್ಬರ, ನಲ್ಲಿಯ ನೀರುಗಳಿಂದ ಬದುಕಲು ಹವಣಿಸುವುದು. ಇಂತಹ ತೋಟದ ಬೆಂಡೆಕಾಯಿ ಸಂತೆಯ ಬೆಲೆಗಿಂತಲೂ ದುಬಾರಿಯಾಗುವುದು. ಹಸುವಿಲ್ಲದ ಮನೆಯಲ್ಲಿ ತೂತು ಕೊರೆದ ಮಡಕೆಯೊಂದು ತಿಪ್ಪೆಯ ಕೆಲಸವನ್ನು ಮಾಡಬಲ್ಲದು. ಸಿಪ್ಪೆಯನ್ನು ಒಣಗಿದ ತರಗೆಲೆಯೊಡನೆ ಪದರಪದರವಾಗಿ ಹಾಕಿ, ಆಗಾಗ ಕೈಯಾಡಿಸಿದರೆ ಎರಡು ಮೂರು ತಿಂಗಳಲ್ಲಿ ಕಪ್ಪನೆಯ ಗೊಬ್ಬರ ಸಿದ್ಧ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಹತ್ತಾರು ಕುಂಡಗಳಿಗೆ ಆಧಾರವಾಗುವುದು. ಸೀಗೆಕಾಯಿಯ ಕಾಲದ ಬಚ್ಚಲು ನೀರು ಬೇರೆ, ಈಗಿನ ಸಾಬೂನಿನ ಪುಡಿಯ ನೀರು ಬೇರೆ. ಎರಡನೆಯದನ್ನು ಹಾಗೆಯೇ ಗಿಡಕ್ಕೆ ಹೊಯ್ಯಲಾಗದು. ಇನ್ನು ಮಳೆ: ಸಾವಿರ ಚದರಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಎರಡು ಸಾವಿರ ಲೀಟರಿಗೂ ಮಿಗಿಲಾದ ನೀರು ದೊರೆಯುವುದು. ಅದನ್ನು ಚರಂಡಿಗೆ ಬಿಟ್ಟು ಬೇಸಗೆಯಲ್ಲಿ ಟ್ಯಾಂಕರಿಗಾಗಿ ಹಣ ತೆರುವುದು ಗೃಹಕೃತ್ಯವನ್ನು ಬಲ್ಲವರ ಲಕ್ಷಣವಲ್ಲ.

ಇಷ್ಟರಿಂದ ಮನೆಗೆ ಬೇಕಾದ ತರಕಾರಿಯೆಲ್ಲವೂ ದೊರೆಯುವುದೆಂದು ಭ್ರಮಿಸಬಾರದು. ದೊರೆಯುವುದು ಒಗ್ಗರಣೆಗೆ ಆಗತಾನೆ ಕಿತ್ತ ಕರಿಬೇವು, ವಾರಕ್ಕೊಮ್ಮೆ ಸೊಪ್ಪಿನ ಹುಳಿ, ಬಿಸಿಲಿನ ದಿನಗಳಲ್ಲಿ ತಾರಸಿಯ ಕೆಳಗೆ ಸ್ವಲ್ಪ ತಂಪು, ವೃದ್ಧರಿಗೆ ಬೆಳಗಿನ ಕೆಲಸ, ಬೀಜವು ಮೊಳೆಯುವುದನ್ನು ಕಂಡ ಮಕ್ಕಳಿಗೆ ಅನ್ನದ ಮೇಲೆ ಗೌರವ. ಚರಂಡಿಗೂ ಕಸದ ಗಾಡಿಗೂ ಹೋಗುವ ಹೊರೆ ಅಷ್ಟರಮಟ್ಟಿಗೆ ತಗ್ಗುವುದು.

ತಾರಸಿಯಲ್ಲಿ ತೋಟ ಮಾಡಬೇಕೆನ್ನುವವರು ಬೀಜದಂಗಡಿಗೆ ಹೋಗುವ ಮೊದಲು ಒಂದು ವಾರ ತಮ್ಮ ಅಡಿಗೆಮನೆಯಿಂದ ಎಷ್ಟು ನೀರು, ಎಷ್ಟು ಸಿಪ್ಪೆ ಹೊರಹೋಗುವುದೆಂದು ಅಳೆದು ನೋಡಲಿ. ಆ ಅಳತೆ ಎಷ್ಟು ಕುಂಡಗಳನ್ನು ಸಾಕಬಲ್ಲದೋ ಅಷ್ಟನ್ನೇ ಇಡಲಿ.