ಬಾಗಿಲಿನ ಮಾತು ಎತ್ತುವವರು

2023ರ ಡಿಸೆಂಬರ್ 31ರ ನಸುಕಿನಲ್ಲಿ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದ ಕೈಗವಸಿನ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಕಾರ್ಮಿಕರು ಒಳಗೇ ಮಲಗಿದ್ದರು. ಕೆಲವರು ಹೇಗೋ ಪಾರಾದರು, ಆರು ಮಂದಿ ಸತ್ತರು. ಅದೇ ವರ್ಷದ ಮೊದಲ ದಿನ ನಾಸಿಕ್ ಜಿಲ್ಲೆಯ ಇಗತ್‌ಪುರಿ ಬಳಿ ಪ್ಲಾಸ್ಟಿಕ್ ಫಿಲ್ಮ್ ಕಾರ್ಖಾನೆಯೊಂದು ಹೊತ್ತಿ ಉರಿದಿತ್ತು. ಅಲ್ಲೂ ಜೀವಗಳು ಹೋಗಿದ್ದವು.

ಕಾನೂನು ಇರಲಿಲ್ಲವೆಂದಲ್ಲ. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರಷ್ಟೇ ಕಾರ್ಮಿಕರೂ ಕೂರಬೇಕು ಎಂದಿತು. ಜೀವಕ್ಕೆ ಕುತ್ತು ಕಂಡರೆ ಎಚ್ಚರಿಸುವುದನ್ನು ಕಾರ್ಮಿಕನ ಹಕ್ಕಾಗಿ ಬರೆಯಿತು.

ಆದರೆ ಆ ಮಾತು ಆಡುವವರು ಯಾರು? ಗುತ್ತಿಗೆಯ ಹುಡುಗ ಮೇಸ್ತ್ರಿಯ ಮುಂದೆ ನಿಂತು "ಇಲ್ಲಿ ಇನ್ನೊಂದು ಬಾಗಿಲು ಬೇಕು" ಅಂದರೆ, "ನಾಳೆಯಿಂದ ಬರಬೇಡ" ಎಂಬ ಉತ್ತರ ಸಿಗಬಹುದು. ಕಾರ್ಖಾನೆಯಲ್ಲೇ ಮಲಗುವವನಾದರೆ ಕೂಲಿಯ ಜೊತೆಗೆ ಸೂರೂ ಹೋಗುತ್ತದೆ. ಸಂಘವಿದ್ದ ಕಡೆ ಅದೇ ಮಾತು ಅವನ ಹೆಸರಿಲ್ಲದೆ ಕಾಗದಕ್ಕೆ ಇಳಿಯುತ್ತದೆ. ಅದಕ್ಕೆ ತಾರೀಕು, ಪದಾಧಿಕಾರಿಯ ಸಹಿ, ಇನ್‌ಸ್ಪೆಕ್ಟರರಿಗೆ ಒಂದು ಪ್ರತಿ. ನಾಳೆ ಏನಾದರೂ ಆದರೆ "ನಮಗೆ ಗೊತ್ತಿರಲಿಲ್ಲ" ಎನ್ನುವುದು ಮಾಲೀಕರಿಗೆ ಸುಲಭವಲ್ಲ.

ಸಂಘಗಳ ಕಡೆಯೂ ಒಂದು ಕೊರತೆಯಿದೆ. ಸದಸ್ಯರಲ್ಲಿ ಹೆಚ್ಚಿನವರು ಕಾಯಂ ನೌಕರರು, ಅಪಾಯದ ಕೆಲಸ ಹೆಚ್ಚಾಗಿ ಗುತ್ತಿಗೆಯವರ ಪಾಲಿಗೆ. ರಾತ್ರಿ ಒಳಗೆ ಮಲಗುವವನ ಹೆಸರು ಸಂಘದ ಪಟ್ಟಿಗೆ ಸೇರುವ ತನಕ ಆ ಬಾಗಿಲಿನ ಮಾತು ಎತ್ತುವವರು ಸಿಗುವುದು ಕಷ್ಟ.