ಮಿಷನ್ನಿನ ರೇಡಿಯೇಟರ್ ಊದ್ತೀವಿ, ಮನಿ ಕಂಪ್ಯೂಟರ್ ಊದೋರು ಯಾರು?

ಈ ಸಲ ಬೆಳಿ, ಗೊಬ್ಬರದ ಮಾತಲ್ಲ. ನಾನು ಮಾಡಿದ ಒಂದು ತಪ್ಪು ಬರೀತೀನಿ. ಮನ್ಯಾಗ ಕಂಪ್ಯೂಟರ್ ಇದ್ದವರು ಓದ್ರಿ.

ಟಿಬಿ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದ ವರ್ಷ, 2024ರಾಗ, ಮಗಳ ಓದಿಗೆ ಅಂತ ಸಿಂಧನೂರಿನಾಗ ಒಂದು ಹಳೇ ಕಂಪ್ಯೂಟರ್ ತಗೊಂಡಿದ್ದೆ. ಪಡಸಾಲಿಯಾಗ ಕಿಟಕಿ ಬಾಜೂಕ ಮೇಜು, ಡಬ್ಬಿ ಮಾತ್ರ ಕೆಳಗ ನೆಲದ ಮ್ಯಾಲೆ. ಕಿಟಕಿ ಆಚೆ ನಮ್ಮ ಕಣ. ನೆಲ್ಲು ಹರವೋದು, ಒಣಗಿಸೋದು, ಚೀಲ ತುಂಬೋದು ಎಲ್ಲಾ ಅಲ್ಲೇ. ಮೂರು ಸುಗ್ಗಿ ಹಂಗೇ ಹೋದವು.

ಈ ಸಂಕ್ರಾಂತಿ ಮುಗಿದ ಮ್ಯಾಲೆ ಅದು ತಾನಾಗೇ ಬಂದ್ ಆಗಾಕ ಹತ್ತಿತು. ಮಗಳು ಪಿಯುಸಿ ಎರಡನೇ ವರ್ಷ, ಸಿಇಟಿಗೆ ಓದ್ತಾಳ. ಮಾದರಿ ಪರೀಕ್ಷೆ ಬರೀಲಿಕ್ಕೆ ಕುಂತ ಇಪ್ಪತ್ತು ನಿಮಿಷಕ್ಕ ಗುಂಯ್ ಅಂತ ಫ್ಯಾನ್ ಕೂಗೋದು, ಆಮೇಲೆ ಟಪ್ ಅಂತ ಪರದೆ ಕಪ್ಪು. ಅರ್ಧ ತಾಸು ಬಿಟ್ಟರ ಮತ್ತ ಚಾಲೂ. ಬ್ಯಾಸಿಗಿ ಆಗಿದ್ರ ಬಿಸಿಲಿಗೆ ಅಂತಿದ್ದೆ. ಆದ್ರ ಮುಂಜಾನೆ ಸ್ವೆಟರ್ ಹಾಕ್ಕೊಳ್ಳೋ ಥಂಡಿ. ನನ್ನ ತಲಿಗೆ ಬಂದಿದ್ದು ಒಂದೇ: "ಗೇಮ್ ಆಡಿ ಆಡಿ ಕೆಡಿಸೀಯವ್ವ. ಮೂರು ಚೀಲ ನೆಲ್ಲಿನ ರೊಕ್ಕ ಸುರುವಿದ್ರೂ ಇದು ರಿಪೇರಿ ಆಗಲ್ಲ." ಆಕಿ ಏನೂ ಎದುರು ಮಾತಾಡಲಿಲ್ಲ. ಹದಿನೈದು ದಿನ ಅದನ್ನ ಮುಟ್ಟಲೂ ಇಲ್ಲ. ಫೋನಿನ ಸಣ್ಣ ಪರದೆಯಾಗೇ ಕಣ್ಣು ಕಿರಿದು ಮಾಡಿ ಓದೋಳು. ನಾನು ನೋಡೀನೂ ನೋಡದಂಗ ಹೊಲಕ್ಕ ಹೋಗ್ತಿದ್ದೆ.

ಅಂಗಡಿಯಾಗ ಒಬ್ಬರು ಬಿಚ್ಚದೇ "ಮದರ್‌ಬೋರ್ಡ್ ಹೋಗ್ಯದ" ಅಂದ್ರು. ಹೊಳ್ಳಿ ತಂದೆ.

ಆಮೇಲೆ ಲಿಂಗಸುಗೂರಿನಿಂದ ತಂಗಿ ಮಗ ಬಂದ. ಆ ಕೆಲಸ ಬಲ್ಲವ. ಪ್ಲಗ್ ಕಿತ್ತ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದ. ಒಳಗ ಉಳಿದ ಕರೆಂಟ್ ಇಳಿಬೇಕಂತ. ಪಕ್ಕದ ಬಾಗಿಲು ತೆಗೆದ. ಒಳಗ ನಮ್ಮ ಕಣಾನೇ ಕುಂತಿತ್ತು! ಹೊಟ್ಟಿನ ಪುಡಿ, ಎರಿ ಮಣ್ಣಿನ ಧೂಳು, ಎರಡು ಇಡೀ ನೆಲ್ಲಿನ ಕಾಳು ಸೈತ. ಪ್ರೊಸೆಸರ್ ಮ್ಯಾಲೆ ಅಲ್ಯೂಮಿನಿಯಂ ಪಟ್ಟಿಗಳು ಸಾಲಾಗಿ ಇರ್ತಾವ, ಅದರ ಮ್ಯಾಲೆ ಫ್ಯಾನ್. ಪಟ್ಟಿ ನಡುವಿನ ಸಂದಿ ಪೂರಾ ಮುಚ್ಚಿತ್ತು.

"ಮಾವ, ನಿಮ್ಮ ಕಟಾವು ಮಿಷನ್ನಿನ ರೇಡಿಯೇಟರ್ ಜಾಳಿಗಿ ಕಟ್ಟಿಕೊಂಡ್ರ ಏನಾಗ್ತದ?" ಅಂದ.

"ಹೀಟ್ ಆಗಿ ನಿಲ್ತದ."

"ಇದೂ ಅದೇ. ಬಿಸಿ ಹೊರಗ ಹೋಗಾಕ ದಾರಿ ಇಲ್ಲ. ಸುಮಾರು 100 ಡಿಗ್ರಿ ಹತ್ರ ಬಂತು ಅಂದ್ರ ಸುಟ್ಟು ಹೋಗಬಾರದು ಅಂತ ತಾನೇ ಬಂದ್ ಆಗ್ತದ."

ಸುಗ್ಗಿಯಾಗ ಜಾಳಿಗಿ ಊದದೇ ಮಿಷನ್ ಗದ್ದಿಗೆ ಇಳಿಸಿದವನಲ್ಲ ನಾನು. ಆ ಬುದ್ಧಿ ಪಡಸಾಲಿ ತನಕ ಬರಲಿಲ್ಲ.

ಪಂಕ್ಚರ್ ಅಂಗಡಿ ಹವಾ ಹೊಡಸೋಣು ಅಂದೆ. ಬ್ಯಾಡ ಅಂದ. ಆ ಟ್ಯಾಂಕಿನಾಗ ನೀರು, ಎಣ್ಣಿ ಹನಿ ಇರ್ತಾವ, ಹವಾದ ಜೋಡಿ ಬೋರ್ಡಿಗೆ ಸಿಡೀತಾವ. ರಭಸಕ್ಕ ಫ್ಯಾನ್ ಹುಚ್ಚುಚ್ಚಾರ ತಿರುಗಿ ಬೇರಿಂಗ್ ಹೋಗ್ತದ. ಡಬ್ಬಿ ಕಟ್ಟಿಗಿ ತಂದು, ಕಬ್ಬಿಣ ಚೌಕಟ್ಟು ಮುಟ್ಟಿ ಮೈಯಾಗಿನ ಕರೆಂಟ್ ಬಿಟ್ಟ. ಹೊಸಾ ಪೇಂಟ್ ಬ್ರಶ್ಶಿನಿಂದ ಮೆಲ್ಲಗ ಸಡಿಲ ಮಾಡಿದ. ಫ್ಯಾನ್ ರೆಕ್ಕಿಗೆ ಬೆರಳು ಕೊಟ್ಟು ನಿಲ್ಲಿಸಿ, ಕೈಯಾಗಿನ ಸಣ್ಣ ಬ್ಲೋವರಿನಿಂದ ತುಸು ತುಸು ಊದಿದ. ಒದ್ದಿ ಅರಿವಿ ಹತ್ರ ತರಗೊಡಲಿಲ್ಲ. ವೈರ್ ಬರೋ ಪವರ್ ಸಪ್ಲೈ ಡಬ್ಬಿಗೆ ಹೊರಗಿನಿಂದಷ್ಟೇ ಊದಿದ. ಅದನ್ನ ಮಾತ್ರ ಯಾರೂ ಬಿಚ್ಚಬ್ಯಾಡ್ರಿ. ಪ್ಲಗ್ ತೆಗೆದ್ರೂ ಒಳಗಿನ ಕೆಪಾಸಿಟರಿನಾಗ ಹೊಡಿಯೋವಷ್ಟು ಕರೆಂಟ್ ಉಳಿದಿರ್ತದ. ಪಟ್ಟಿ ಕೆಳಗಿನ ಪೇಸ್ಟ್ ಒಣಗಿ ಸುಣ್ಣದಂಗ ಆಗಿತ್ತು. ಒರೆಸಿ, ಕಡ್ಲಿ ಕಾಳಿನಷ್ಟು ಹೊಸಾದು ಹಚ್ಚಿದ.

ಮಸ್ಕಿ ಕಡೆ ಹತ್ತಿ ವ್ಯಾಪಾರದ ಗೆಳೆಯರೊಬ್ಬರ ಅಂಗಡಿಯಾಗೂ ಮೊನ್ನೆ ಬಿಚ್ಚಿಸಿ ನೋಡಿದೆ. ಅಲ್ಲಿ ಪುಡಿ ಅಲ್ಲ, ಕಂಬಳಿಯಂಗ ಹತ್ತಿ ಎಳಿ ಹಾಸಿಕೊಂಡಿತ್ತು. ಅದಕ್ಕ ಬ್ರಶ್ ಆಡಿಸಿದ್ರ ಸಂದಿಯಾಗ ಇನ್ನೂ ಒಳಗ ಹೋಗ್ತದ. ಚಿಮಟದಿಂದ ಪದರು ಎತ್ತಬೇಕು, ಆಮೇಲೆ ಊದಬೇಕು.

ನಮ್ಮದು ಜೋಡಿಸಿ ಚಾಲೂ ಮಾಡಿದ್ವಿ. ಮೊದಲು 90ರ ಮ್ಯಾಲೆ ತೋರಸ್ತಿದ್ದ ಬಿಸಿ 50ರ ಆಸುಪಾಸು ನಿಂತಿತು. ಖರ್ಚು ಪೇಸ್ಟು, ಬ್ರಶ್ಶಿಂದು ಅಷ್ಟೇ.

ಆ ರಾತ್ರಿ ಮಗಳು ಪೂರಾ ಪರೀಕ್ಷೆ ಬರೆದಳು. ನಾನು ಬಾಗಿಲಾಗ ನಿಂತಿದ್ದೆ. "ತಪ್ಪು ನಂದವ್ವ, ಧೂಳು ನನ್ನ ಕಣದ್ದು" ಅಂದೆ. ಆಕಿ ತಿರುಗಿ ನೋಡದೇ, "ಗೊತ್ತಪ್ಪ, ಈಗ ಮಾತಾಡಿಸಬ್ಯಾಡ, ಟೈಮ್ ಓಡ್ತದ" ಅಂದ್ಲು.

ಈಗ ಡಬ್ಬಿ ಮೇಜಿನ ಮ್ಯಾಲೆ, ಗೋಡಿಯಿಂದ ಒಂದು ಗೇಣು ದೂರ ಐತಿ. ಕಣದಾಗ ಕೆಲಸ ಇದ್ದ ದಿನ ಪ್ಲಗ್ ತೆಗೆದು ಬಟ್ಟಿ ಹೊಚ್ಚತೀವಿ, ಚಾಲೂ ಮಾಡೋ ಮುಂದ ಬಟ್ಟಿ ತೆಗೀತೀವಿ. ಟ್ರ್ಯಾಕ್ಟರಿಗೆ ಆಯಿಲ್ ಬದಲಿಸಿದ ತಾರೀಖು ಬರೀತೀವಲ್ಲ, ಹಂಗೇ ಮಗಳು ಡಬ್ಬಿ ಬಾಜೂಕ ಒಂದು ಚೀಟಿ ಅಂಟಿಸ್ಯಾಳ. ಊದಿದ ತಾರೀಖು, ಅದರ ಕೆಳಗ ಮುಂದಿನ ಸಲ ಊದೋರ ಹೆಸರು. ಅಲ್ಲಿ "ಅಪ್ಪ" ಅಂತ ಬರದಾಳ.